ಮೈಬೆಳವಣಿಗೆಯ ಚರಿತ್ರೆ

'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಒಕ್ಕಲಿಗನು ಪೈರನ್ನು ನೋಡಿ ಕಂಡುಕೊಂಡ ಈ ಮಾತನ್ನು ತಾಯಿತಂದೆಗಳು ಮಕ್ಕಳ ವಿಷಯದಲ್ಲಿಯೂ ಆಡುವುದುಂಟು. ಮೊಳಕೆಯು ಮೇಲೇಳದಿದ್ದರೆ ದೋಷವು ನೆಲದ್ದೋ, ನೀರಿನದೋ, ಬೀಜದ್ದೋ ಎಂದು ಒಕ್ಕಲಿಗನು ವಿಚಾರ ಮಾಡುತ್ತಾನೆ. ತನ್ನ ಮಗುವು ಓರಗೆಯವರಿಗಿಂತ ಗಿಡ್ಡವಾಗಿ ಉಳಿದಾಗ ಮಾತ್ರ ಅವನೇ 'ಹಣೆಬರಹ' ಎಂದು ಸುಮ್ಮನಾಗುತ್ತಾನೆ. ಪೇಟೆಯ ವಿದ್ಯಾವಂತರ ಮನೆಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದುದು: ಎತ್ತರ ಬೆಳೆಸುವುದೆಂದು ಸಾರುವ ಪುಡಿಯನ್ನೋ ಗುಳಿಗೆಯನ್ನೋ ಕೊಂಡು ತಂದು, ಕಾರಣವನ್ನು ಕೇಳದೆಯೇ ಮಗುವಿಗೆ ಕೊಡುವುದು. ಈ ಎರಡು ನಡತೆಗಳಿಗೂ ಮೂಲವು ಒಂದೇ: ಎತ್ತರವೆಂಬುದು ಎಲ್ಲಿಂದ ಬರುವುದೆಂಬ ವಿಷಯದಲ್ಲಿ ನಮಗಿರುವ ಅಜ್ಞಾನ. ಈ ತಿಳಿವಳಿಕೆಯು ಮನುಷ್ಯನಿಗೆ ಹೇಗೆ, ಯಾವ ಯಾವ ಹಾದಿಗಳಿಂದ ಬಂದಿತೆಂಬುದನ್ನು ಕ್ರಮವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗಿಡ್ಡಾಗಿರುವುದು ಕುಂದಲ್ಲ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದಾಗಬಹುದೆಂಬುದನ್ನು ವಾಮನನ ಕಥೆ ಕೇಳಿ ಬೆಳೆದ ನಮಗೆ ಯಾರೂ ಕಲಿಸಬೇಕಾಗಿಲ್ಲ. ಬೆಳೆಯಬೇಕಾದ ಮಗುವಿನ ಬೆಳವಣಿಗೆ ನಿಂತುಹೋದರೆ, ಅದು ಒಳಗಿನ ಯಾವುದೋ ಕೊರತೆಯ ಹೊರಗುರುತಾಗಿರಬಹುದು ಎಂಬುದಷ್ಟೇ ಇಲ್ಲಿಯ ಚಿಂತೆ.

೧. ಅಳತೆ

ಕುಣಿಗಲಿನ ಕುದುರೆ ಫಾರಂ ನಮ್ಮ ಜಿಲ್ಲೆಯವರಿಗೆಲ್ಲ ಪರಿಚಿತವಾದುದು. ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿನ ಕುದುರೆಗಳಿಗಾಗಿ ಹುಟ್ಟಿದ್ದೆಂದು ಪ್ರಸಿದ್ಧವಾದ ಈ ಸ್ಥಳವು ಮುಂದೆ ಪಂದ್ಯದ ಕುದುರೆಗಳ ತಳಿಗೆ ಹೆಸರಾಯಿತು. ಕುದುರೆ ಸಾಕುವವರು ಯಾವ ದೇಶದಲ್ಲಿಯೇ ಆಗಲಿ ಮರಿಯ ತಂದೆತಾಯಿಗಳ ಹೆಸರನ್ನು ಬರೆದಿಡುತ್ತಾರೆ. ಹೆಗಲಿನ ಎತ್ತರವನ್ನು ಅಳೆಯುತ್ತಾರೆ. ಮೇವನ್ನು ತೂಕ ಮಾಡಿ ಕೊಡುತ್ತಾರೆ. ಮನುಷ್ಯನು ತನ್ನ ಮಕ್ಕಳ ವಿಷಯದಲ್ಲಿ ಇಷ್ಟು ಶ್ರದ್ಧೆಯನ್ನು ತೋರಿಸಿದ್ದು ಬಹಳ ತಡವಾಗಿ.

ಒಂದೇ ಮಗುವನ್ನು ಹುಟ್ಟಿದಂದಿನಿಂದ ಪ್ರಾಯದವರೆಗೆ ಅಳೆದಿಟ್ಟ ಮೊದಲನೆಯ ಪ್ರಸಿದ್ಧ ದಾಖಲೆಯು ಫ್ರಾನ್ಸ್ ದೇಶದ್ದು. ಮೋಂಬೆಯಾರ್ ಎಂಬ ಜಮೀನುದಾರನು ೧೭೫೯ರಲ್ಲಿ ಹುಟ್ಟಿದ ತನ್ನ ಮಗನನ್ನು ೧೭೭೭ರವರೆಗೆ ಸುಮಾರು ಆರಾರು ತಿಂಗಳಿಗೊಮ್ಮೆ ನಿಲ್ಲಿಸಿ ಅಳೆದನು. ಅವನ ಮಿತ್ರನಾದ ಬ್ಯೂಫೋನ್ ಎಂಬ ನಿಸರ್ಗಶಾಸ್ತ್ರಜ್ಞನು ಆ ಅಂಕಿಗಳನ್ನು ತನ್ನ ಗ್ರಂಥದಲ್ಲಿ ಪ್ರಕಟಿಸಿದನು. ಆ ಅಂಕಿಗಳು ತೋರಿಸಿದ ಕ್ರಮವು ಇಂದಿಗೂ ಎಲ್ಲ ಮಕ್ಕಳಿಗೂ ಸಲ್ಲುವುದು. ಹುಟ್ಟಿದಾಗ ಸುಮಾರು ೫೦ ಸೆಂಟಿಮೀಟರ್ ಉದ್ದವಿರುವ ಶಿಶುವು ಮೊದಲನೆಯ ವರ್ಷದಲ್ಲಿ ೨೫ ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಎರಡನೆಯ ವರ್ಷದಲ್ಲಿ ಅದರ ಅರ್ಧದಷ್ಟು. ಅನಂತರ ಹರೆಯ ಬರುವವರೆಗೂ ವರ್ಷಕ್ಕೆ ೫ರಿಂದ ೬ ಸೆಂಟಿಮೀಟರ್. ಹರೆಯದಲ್ಲಿ ಮತ್ತೊಮ್ಮೆ ವೇಗವೇರಿ, ಕೆಲವು ವರ್ಷಗಳಲ್ಲಿ ಬೆಳವಣಿಗೆಯು ಪೂರ್ತಿಯಾಗಿ ನಿಲ್ಲುತ್ತದೆ. ಇದರಿಂದ ತಿಳಿಯುವ ಮುಖ್ಯವಾದ ವಿಷಯವೆಂದರೆ, ಮಗುವು ಇಂದು ಎಷ್ಟು ಎತ್ತರವಿದೆ ಎಂಬುದಕ್ಕಿಂತ, ಹೋದ ವರ್ಷದಿಂದ ಈಚೆಗೆ ಎಷ್ಟು ಬೆಳೆಯಿತು ಎಂಬುದೇ ಹೆಚ್ಚು ಅರ್ಥವುಳ್ಳದ್ದು.

ಕುದುರೆಗಳಿಂದಲೂ ಮನುಷ್ಯನು ಒಂದು ದೊಡ್ಡ ಪಾಠವನ್ನು ಕಲಿತನು. ೧೯೩೮ರಲ್ಲಿ ಕೇಂಬ್ರಿಜ್ಜಿನ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿದ್ವಾಂಸರು ಬಹಳ ದೊಡ್ಡದಾದ ಶೈರ್ ತಳಿಯನ್ನೂ ಬಹಳ ಚಿಕ್ಕದಾದ ಶೆಟ್ಲೆಂಡ್ ತಳಿಯನ್ನೂ ಕೂಡಿಸಿದ ಪ್ರಯೋಗದ ಫಲವನ್ನು ಪ್ರಕಟಿಸಿದರು. ಎರಡು ಬಗೆಯ ಮರಿಗಳಲ್ಲಿಯೂ ಬೀಜದ ಬೆರಕೆ ಒಂದೇ. ಆದರೂ ದೊಡ್ಡ ತಾಯಿಯ ಹೊಟ್ಟೆಯಲ್ಲಿ ಬೆಳೆದ ಮರಿಯು ಹುಟ್ಟುವಾಗಲೇ ದೊಡ್ಡದು, ಚಿಕ್ಕ ತಾಯಿಯ ಹೊಟ್ಟೆಯಲ್ಲಿ ಬೆಳೆದದ್ದು ಚಿಕ್ಕದು. ಹುಟ್ಟಿನ ಗಾತ್ರವನ್ನು ಗೊತ್ತುಮಾಡುವುದರಲ್ಲಿ ತಾಯಿಯ ಮೈಗೆ ಎಷ್ಟು ಅಧಿಕಾರವಿದೆ ಎಂಬುದು ಹೀಗೆ ಸಿದ್ಧವಾಯಿತು.

ಮನುಷ್ಯರಲ್ಲಿ ಇದೇ ವಿಚಾರಕ್ಕೆ ಬೆಳಕು ಕೊಟ್ಟ ಒಂದು ಭಂಡಾರವು ನಮ್ಮ ಮೈಸೂರಿನಲ್ಲಿಯೇ ಇದ್ದಿತು. ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವುಗಳನ್ನು ಬರೆದಿಟ್ಟಿದ್ದರು. ಅರವತ್ತು ವರ್ಷಗಳ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ತೆರೆದು, ೧೯೩೪ರಿಂದ ೧೯೫೪ರವರೆಗೆ ಅಲ್ಲಿ ಹುಟ್ಟಿದ್ದ ೫೧೭ ಮಂದಿ ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕದಲ್ಲಿಯೂ ಉದ್ದದಲ್ಲಿಯೂ ಕಡಿಮೆಯಾಗಿದ್ದವರಲ್ಲಿ ಹೃದ್ರೋಗವು ಹೆಚ್ಚೆಂದು ೧೯೯೬ರಲ್ಲಿ ಅವರು ಪ್ರಕಟಿಸಿದರು. ಹೆರಿಗೆಯ ಕೋಣೆಯಲ್ಲಿ ಗೆರೆ ತಪ್ಪದಂತೆ ಅಂಕಿಗಳನ್ನು ಬರೆದ ಆ ದಾದಿಯರಿಗೆ ಅವುಗಳ ಬೆಲೆ ಮುಂದೆ ಇಷ್ಟಾಗುವುದೆಂದು ಹೊಳೆದಿರಲಾರದು. ಅಳೆದು ಬರೆದಿಟ್ಟದ್ದು ಎಂದೂ ವ್ಯರ್ಥವಾಗದು.

೨. ಗ್ರಂಥಿಗಳು

ಅಳತೆಯು ಬೆಳವಣಿಗೆಯ ಕ್ರಮವನ್ನು ತೋರಿಸಿತು. ಅದನ್ನು ನಡೆಸುವವರು ಯಾರೆಂಬ ಪ್ರಶ್ನೆಗೆ ಉತ್ತರವು ನಿರ್ನಾಳ ಗ್ರಂಥಿಗಳಿಂದ ಬಂದಿತು. ಈ ಗ್ರಂಥಿಗಳು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ೧೯೦೫ರಲ್ಲಿ ಸ್ಟಾರ್ಲಿಂಗ್ ಎಂಬ ಆಂಗ್ಲ ವಿದ್ವಾಂಸನು ಇಂಥ ರಸಗಳಿಗೆ ಹಾರ್ಮೋನು ಎಂಬ ಹೆಸರನ್ನಿಟ್ಟನು.

ಮೊದಲು ಅರಿವಿಗೆ ಬಂದದ್ದು ಕೊರಳಿನಲ್ಲಿರುವ ಥೈರಾಯ್ಡ್ ಗ್ರಂಥಿ. ಆಲ್ಪ್ಸ್ ಮತ್ತು ಹಿಮಾಲಯದ ಕಣಿವೆಗಳಲ್ಲಿ ಗಳಗಂಡವು ಮನೆಮನೆಯ ವ್ಯಾಧಿಯಾಗಿದ್ದು, ಅಲ್ಲಿಯ ಕೆಲವು ಮಕ್ಕಳು ಮೈಯೂ ಬುದ್ಧಿಯೂ ಬೆಳೆಯದೆ ಉಳಿಯುತ್ತಿದ್ದರು. ೧೮೯೧ರಲ್ಲಿ ಮರ್ರೆ ಎಂಬ ಇಂಗ್ಲೆಂಡಿನ ವೈದ್ಯನು ಥೈರಾಯ್ಡ್ ಸೊರಗಿದ್ದ ಒಬ್ಬ ಹೆಂಗಸಿಗೆ ಕುರಿಯ ಗ್ರಂಥಿಯ ಸಾರವನ್ನು ಚುಚ್ಚಿದನು. ಆಕೆ ಚೇತರಿಸಿಕೊಂಡು ಇನ್ನೂ ೨೮ ವರ್ಷ ಬಾಳಿದಳು. ಬೆಳವಣಿಗೆ ನಿಂತ ಮಕ್ಕಳಿಗೆ ಇದೇ ಚಿಕಿತ್ಸೆಯನ್ನು ಮಾಡಿದಾಗ ಅವರೂ ಬೆಳೆಯತೊಡಗಿದರು. ಆ ರಸದ ಸಾರಭೂತವಾದ ಥೈರಾಕ್ಸಿನನ್ನು ೧೯೧೪ರಲ್ಲಿ ಅಮೆರಿಕದ ಕೆಂಡಲ್ ಬೇರ್ಪಡಿಸಿದನು. ೧೯೨೭ರ ವೇಳೆಗೆ ಹ್ಯಾರಿಂಗ್ಟನ್ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದನು. ಈ ರಸಕ್ಕೆ ಅಯೋಡಿನ್ ಅತ್ಯಗತ್ಯ. ನಮ್ಮ ದೇಶದಲ್ಲಿ ಡಾಕ್ಟರ್ ರಾಮಲಿಂಗಸ್ವಾಮಿಯವರು ೧೯೫೬ರಿಂದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪನ್ನು ಹಂಚಿಸಿ, ಗಳಗಂಡವು ತಗ್ಗುವುದನ್ನು ತೋರಿಸಿಕೊಟ್ಟರು. ೧೯೬೨ರಲ್ಲಿ ಸರ್ಕಾರದ ಯೋಜನೆಯು ಮೊದಲಾಯಿತು. ನಮ್ಮ ಅಡಿಗೆಮನೆಯ ಉಪ್ಪಿನ ಡಬ್ಬಿಯ ಹಿಂದೆ ಇಷ್ಟು ಚರಿತ್ರೆಯಿದೆ. ಆದರೆ ಉಪ್ಪು ಸರಿಯಿದ್ದರೂ ಹುಟ್ಟುವಾಗಲೇ ಥೈರಾಯ್ಡ್ ಸೊರಗಿದ ಶಿಶುಗಳುಂಟು. ಭಾರತದಲ್ಲಿ ಸುಮಾರು ಸಾವಿರಕ್ಕೆ ಒಂದು. ಹುಟ್ಟಿದ ಕೆಲವು ವಾರಗಳೊಳಗೆ ರಕ್ತಪರೀಕ್ಷೆಯಿಂದ ಕಂಡುಹಿಡಿದು ದಿನಕ್ಕೊಂದು ಅಗ್ಗದ ಗುಳಿಗೆಯನ್ನು ಕೊಟ್ಟರೆ ಆ ಮಗುವು ಎಲ್ಲರಂತೆ ಬೆಳೆಯುವುದು. ತಡವಾದರೆ ಮೈಯನ್ನು ಬೆಳೆಸಬಹುದು, ಕಳೆದ ಬುದ್ಧಿಯನ್ನು ತರಲಾಗದು.

ಎರಡನೆಯದು ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗಾತ್ರವಾಗಿ ತೂಗುತ್ತಿರುವ ಪಿಟ್ಯುಟರಿ ಗ್ರಂಥಿ. ೧೯೨೧ರಲ್ಲಿ ಕ್ಯಾಲಿಫೋರ್ನಿಯದ ಇವಾನ್ಸ್ ಮತ್ತು ಲಾಂಗ್ ಈ ಗ್ರಂಥಿಯ ಸಾರವನ್ನು ಇಲಿಗಳಿಗೆ ಚುಚ್ಚಿ ಅವು ದೈತ್ಯಾಕಾರವಾಗಿ ಬೆಳೆಯುವಂತೆ ಮಾಡಿದರು. ಈ ಗ್ರಂಥಿಯು ಬೆಳವಣಿಗೆಯ ಹಾರ್ಮೋನನ್ನು ಮುಖ್ಯವಾಗಿ ಗಾಢನಿದ್ರೆಯ ಕಾಲದಲ್ಲಿ ಅಲೆಅಲೆಯಾಗಿ ಬಿಡುತ್ತದೆ. ಅದು ತಾನೇ ಎಲ್ಲ ಕೆಲಸವನ್ನೂ ಮಾಡುವುದಿಲ್ಲ. ಯಕೃತ್ತನ್ನು ಪ್ರೇರಿಸಿ ಇನ್ನೊಂದು ದೂತನನ್ನು ಕಳುಹಿಸುತ್ತದೆ. ಆ ದೂತನ ಸುಳಿವು ೧೯೫೭ರಲ್ಲಿ ಸಾಲ್ಮನ್ ಮತ್ತು ಡಾಹಡೆ ಎಂಬವರಿಗೆ ಸಿಕ್ಕಿತು. ಎಲುಬಿನ ತುದಿಗಳಲ್ಲಿರುವ ಮೃದ್ವಸ್ಥಿಯ ಪದರದಲ್ಲಿ ಕಣಗಳು ಹೆಚ್ಚಿ, ಅವು ಗಟ್ಟಿಯಾಗಿ, ಎಲುಬು ಉದ್ದವಾಗುವುದು ಇವರಿಬ್ಬರ ಪ್ರೇರಣೆಯಿಂದಲೇ.

ಈ ಹಾರ್ಮೋನು ಔಷಧವಾದ ಕಥೆಯು ಎಚ್ಚರಿಕೆಯ ಕಥೆಯೂ ಹೌದು. ದನದ ಹಾರ್ಮೋನು ಮನುಷ್ಯನಿಗೆ ಫಲಿಸಲಿಲ್ಲ. ೧೯೫೬ರಲ್ಲಿ ಲೀ ಎಂಬ ವಿದ್ವಾಂಸನು ಮನುಷ್ಯನ ಹಾರ್ಮೋನನ್ನೇ ಬೇರ್ಪಡಿಸಿದನು; ೧೯೫೮ರಲ್ಲಿ ರೇಬನ್ ಎಂಬ ವೈದ್ಯನು ಅದನ್ನು ಕೊಟ್ಟು ಒಬ್ಬ ಹುಡುಗನನ್ನು ಬೆಳೆಸಿದ್ದನ್ನು ಪ್ರಕಟಿಸಿದನು. ಆದರೆ ಅದು ದೊರೆಯುತ್ತಿದ್ದುದು ಸತ್ತವರ ಗ್ರಂಥಿಗಳಿಂದ. ಅವುಗಳಲ್ಲಿ ಕೆಲವು ಮಿದುಳನ್ನು ನಾಶಮಾಡುವ ವ್ಯಾಧಿಯ ಬೀಜವನ್ನು ಹೊತ್ತಿದ್ದವು. ೧೯೮೫ರಲ್ಲಿ ಮೊದಲನೆಯ ಸಾವುಗಳು ಬೆಳಕಿಗೆ ಬಂದು ಆ ಔಷಧವನ್ನು ನಿಲ್ಲಿಸಿದರು. ಎಷ್ಟೋ ವರ್ಷಗಳ ಹಿಂದೆ ಅದನ್ನು ಪಡೆದಿದ್ದವರು ಮುಂದೆಯೂ ಒಬ್ಬೊಬ್ಬರಾಗಿ ಬಲಿಯಾದರು. ಲೋಕದಲ್ಲಿ ಒಟ್ಟು ಇನ್ನೂರಕ್ಕೂ ಮೀರಿದವರು ಈ ವ್ಯಾಧಿಗೆ ತುತ್ತಾದರು. ಅದೇ ವರ್ಷ ಅಮೆರಿಕದಲ್ಲಿ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಶುದ್ಧವಾದ ಹಾರ್ಮೋನಿಗೆ ಅನುಮತಿ ದೊರೆಯಿತು. ಇಂದು ಕೊಡುವುದು ಆ ಬಗೆಯದು. ಇದು ನಿಜವಾಗಿ ಬೇಕಾಗುವುದು ಈ ಹಾರ್ಮೋನಿನ ಕೊರತೆಯುಳ್ಳ ಮಕ್ಕಳಿಗೆ. ಅಂಥವರು ನಾಲ್ಕು ಸಾವಿರದಿಂದ ಹತ್ತು ಸಾವಿರ ಮಕ್ಕಳಿಗೆ ಒಬ್ಬರು. ಗೊತ್ತಾದ ಇನ್ನು ಕೆಲವು ವ್ಯಾಧಿಗಳಲ್ಲಿಯೂ ಉಪಯೋಗವುಂಟು. ಬಾಯಿಯಿಂದ ಕೊಟ್ಟರೆ ಇದು ಜೀರ್ಣವಾಗಿ ಹೋಗುವುದಾದ್ದರಿಂದ ಚುಚ್ಚಿಯೇ ಕೊಡಬೇಕು. ಹಾರ್ಮೋನಿನ ಪುಡಿಯನ್ನು ಹಾಲಿನಲ್ಲಿ ಕದಡಿ ಕುಡಿಯಿರೆಂದು ಮಾರುವವನ ಮಾತಿನ ಸತ್ಯವನ್ನು ಇದರಿಂದಲೇ ಅಳೆಯಬಹುದು.

ಮೂರನೆಯದು ಹರೆಯದ ಹಾರ್ಮೋನುಗಳು. ೧೮೮೪ರಲ್ಲಿ ಹುಟ್ಟಿ, ಬಾಲಕನಾಗಿ ಸೇರಿದ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಗುಬ್ಬಿ ಕಂಪನಿಯನ್ನು ಬಲ್ಲವರಿಗೆ ಇವುಗಳ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಹಿಂದಿನ ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರವನ್ನು ಹುಡುಗರೇ ವಹಿಸುತ್ತಿದ್ದರು. ದನಿಯೊಡೆದು, ಮೀಸೆ ಚಿಗುರಿ, ವರ್ಷಕ್ಕೆ ಒಂಬತ್ತು ಹತ್ತು ಸೆಂಟಿಮೀಟರ್ ಬೆಳೆದ ಹುಡುಗನಿಗೆ ಹಳೆಯ ಸೀರೆಯೂ ಹಳೆಯ ಹಾಡೂ ಒಗ್ಗುತ್ತಿರಲಿಲ್ಲ. ಆದರೆ ಈ ಹಾರ್ಮೋನುಗಳು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಬಾಗಿಲು ಮುಚ್ಚುತ್ತವೆ. ಎಲುಬಿನ ತುದಿಯ ಪದರವನ್ನು ಗಟ್ಟಿಮಾಡಿ ಬೆಳವಣಿಗೆಯನ್ನು ಮುಗಿಸುವುದು ಗಂಡಸರಲ್ಲಿಯೂ ಈಸ್ಟ್ರೊಜೆನ್ ಎಂಬ, ಹೆಂಗಸರದೆಂದು ತಿಳಿದಿದ್ದ ಹಾರ್ಮೋನೇ. ೧೯೯೪ರಲ್ಲಿ ವರ್ಣಿತನಾದ ಒಬ್ಬ ಗಂಡಸಿನ ಮೈಗೆ ಆ ಹಾರ್ಮೋನು ನಾಟುತ್ತಿರಲಿಲ್ಲ. ೨೮ ವರ್ಷವಾದರೂ ಅವನ ಎಲುಬುಗಳು ಮುಚ್ಚಿರಲಿಲ್ಲ, ಎತ್ತರವು ೨೦೪ ಸೆಂಟಿಮೀಟರಾಗಿತ್ತು. ಆದುದರಿಂದಲೇ, ಅಕಾಲದಲ್ಲಿ ಹರೆಯ ಬಂದ ಮಗುವು ಮೊದಲು ಎಲ್ಲರಿಗಿಂತ ಎತ್ತರವಾಗಿ ಕಂಡು, ಕಡೆಗೆ ಎಲ್ಲರಿಗಿಂತ ಗಿಡ್ಡವಾಗಿ ನಿಲ್ಲಬಹುದು. ಇದಕ್ಕೆ ಪ್ರತಿಯಾಗಿ, ತಂದೆಯಂತೆ ತಡವಾಗಿ ಹರೆಯಕ್ಕೆ ಬರುವ ಹುಡುಗನು ಹೈಸ್ಕೂಲಿನಲ್ಲಿ ಮುಂದಿನ ಬೆಂಚಿನವನಾಗಿದ್ದು, ಕಾಲೇಜಿಗೆ ಬರುವ ವೇಳೆಗೆ ತಾನಾಗಿಯೇ ಬೆಳೆದುಬಿಡುವುದು ಸಾಮಾನ್ಯ. ಎಡಗೈಯ ಮಣಿಕಟ್ಟಿನ ಎಕ್ಸ್‌ರೇ ತೆಗೆದು ನೋಡಿದರೆ ಎಲುಬಿಗೆ ಇನ್ನೆಷ್ಟು ಕಾಲ ಉಳಿದಿದೆ ಎಂಬುದು ತಿಳಿಯುವುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗದೆಂಬಂತೆ, ಎಲುಬು ಮುಚ್ಚಿದ ಮೇಲೆ ಯಾವ ಔಷಧದಿಂದಲೂ ಎತ್ತರ ಹೆಚ್ಚದು.

೩. ಅನ್ನ

ಗ್ರಂಥಿಗಳ ಚರಿತ್ರೆಯನ್ನು ಇಷ್ಟಾಗಿ ಹೇಳಿದರೂ, ನಮ್ಮ ಜಿಲ್ಲೆಯಲ್ಲಿಯಾಗಲಿ ನಾಡಿನಲ್ಲಿಯಾಗಲಿ ಗಿಡ್ಡವಾಗಿ ಉಳಿದ ಬಹುಪಾಲು ಮಕ್ಕಳಿಗೆ ಗ್ರಂಥಿಯ ವ್ಯಾಧಿ ಇಲ್ಲ. ಸಾಕಷ್ಟು ಆಹಾರವಿಲ್ಲದಾಗಲೂ ಪದೇ ಪದೇ ಭೇದಿ ಜ್ವರಗಳು ಬಂದಾಗಲೂ ಮೈಯು ಉಳಿತಾಯದ ದಾರಿಯನ್ನು ಹಿಡಿಯುತ್ತದೆ. ಪಿಟ್ಯುಟರಿಯು ರಸವನ್ನು ಬಿಡುತ್ತಿದ್ದರೂ ಯಕೃತ್ತು ಮುಂದಿನ ದೂತನನ್ನು ಕಳುಹಿಸದು. ಹಸಿವು ಹೀಗೆ ಹಾರ್ಮೋನಿನ ಬಾಯನ್ನೇ ಕಟ್ಟುವುದು.

ಆಹಾರದ ಈ ಪ್ರಭಾವವನ್ನು ನಮ್ಮ ದೇಶದಲ್ಲಿ ಮೊದಲು ಎದ್ದು ಕಾಣುವಂತೆ ತೋರಿಸಿದವನು ನೀಲಗಿರಿಯ ಕೂನೂರಿನಲ್ಲಿ ಪ್ರಯೋಗಶಾಲೆಯನ್ನು ನಡೆಸಿದ ಮೆಕಾರಿಸನ್. ಅವನು ಎಳೆಯ ಇಲಿಗಳನ್ನು ಏಳು ಗುಂಪು ಮಾಡಿ, ಸಿಖ್ಖರು, ಪಠಾಣರು, ಮರಾಠರು, ಗೂರ್ಖರು, ಕನ್ನಡಿಗರು, ಬಂಗಾಳಿಗಳು, ಮದರಾಸಿನವರು ಇವರ ಊಟವನ್ನು ಒಂದೊಂದು ಗುಂಪಿಗೆ ಹಾಕಿದನು. ಗೋಧಿ, ಹಾಲು, ಬೆಣ್ಣೆ, ಬೇಳೆ, ತರಕಾರಿಗಳುಳ್ಳ ಸಿಖ್ಖರ ಊಟವನ್ನುಂಡ ಇಲಿಗಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದವು. ಪಾಲಿಷ್ ಮಾಡಿದ ಅಕ್ಕಿಯನ್ನೇ ನೆಚ್ಚಿದ ಮದರಾಸಿನ ಊಟದವು ಎಲ್ಲಕ್ಕಿಂತ ಕಡಿಮೆ. ಕನ್ನಡಿಗರ ಊಟಕ್ಕೆ ದೊರೆತದ್ದು ಐದನೆಯ ಸ್ಥಾನ. ಇಲಿಗಳೆಲ್ಲ ಒಂದೇ ತಳಿಯವು. ಬೇರೆಯಾದದ್ದು ಊಟ ಮಾತ್ರ. ಜನಾಂಗದ ಲಕ್ಷಣವೆಂದು ನಾವು ಭಾವಿಸಿದ್ದರಲ್ಲಿ ಎಷ್ಟೋ ಭಾಗವು ತಟ್ಟೆಯ ಲಕ್ಷಣವೆಂದು ಇದರಿಂದ ವ್ಯಕ್ತವಾಯಿತು. ನೂರು ಗ್ರಾಮಿನಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಗಿಲಾದ ಸುಣ್ಣದಂಶವುಳ್ಳ ರಾಗಿಯು ನಮ್ಮ ಸೀಮೆಯ ಭಾಗ್ಯ. ಆದರೆ ಮುದ್ದೆಯ ಜೊತೆಗೆ ಬೇಳೆ, ಸೊಪ್ಪು, ಹಾಲು, ಒಗ್ಗುವವರಿಗೆ ಮೊಟ್ಟೆ ಇವೂ ಬೇಕು. ನೀರುಸಾರಿನ ಮುದ್ದೆಯು ಹೊಟ್ಟೆಯನ್ನು ತುಂಬುವುದೇ ಹೊರತು ಎಲುಬನ್ನು ಬೆಳೆಸದು.

ಅನ್ನದ ಜೊತೆಗೆ ಅಕ್ಕರೆಯೂ ಬೇಕೆಂಬುದಕ್ಕೆ ಒಂದು ಪ್ರಸಿದ್ಧವಾದ ನಿದರ್ಶನವುಂಟು. ಯುದ್ಧಾನಂತರದ ಜರ್ಮನಿಯಲ್ಲಿ, ೧೯೪೮ರಲ್ಲಿ, ಎಲ್ಸಿ ವಿಡೋಸನ್ ಎಂಬ ಆಂಗ್ಲ ವಿದುಷಿಯು ಎರಡು ಅನಾಥಾಲಯಗಳ ಮಕ್ಕಳನ್ನು ತೂಗಿ ಅಳೆಯುತ್ತಿದ್ದಳು. ಆರು ತಿಂಗಳ ತರುವಾಯ ಒಂದು ಆಲಯದ ಮಕ್ಕಳಿಗೆ ಹೆಚ್ಚು ರೊಟ್ಟಿಯನ್ನು ಕೊಡಿಸಿದಳು. ಆಶ್ಚರ್ಯವೆಂದರೆ, ಹೆಚ್ಚು ಉಂಡ ಮಕ್ಕಳೇ ಕಡಿಮೆ ಬೆಳೆದರು. ವಿಚಾರಿಸಿದಾಗ, ಸದಾ ಗದರಿಸುವ ಒಬ್ಬ ಮೇಲ್ವಿಚಾರಕಿಯು ಅದೇ ಸಮಯಕ್ಕೆ ಇನ್ನೊಂದು ಆಲಯದಿಂದ ಇಲ್ಲಿಗೆ ವರ್ಗವಾಗಿ ಬಂದಿದ್ದಳೆಂದು ತಿಳಿಯಿತು. ಊಟದ ವೇಳೆಯನ್ನೇ ಅವಳು ಗದರಿಕೆಗೆ ಆರಿಸಿಕೊಳ್ಳುತ್ತಿದ್ದಳು. ಅವಳ ಮೆಚ್ಚಿನ ಕೆಲವು ಮಕ್ಕಳು ಮಾತ್ರ ಚೆನ್ನಾಗಿ ಬೆಳೆದಿದ್ದರು.

ಅನ್ನ, ಅಕ್ಷರ, ಆಶ್ರಯ ಈ ಮೂರನ್ನೂ ಒಟ್ಟಿಗೆ ಕೊಡಬೇಕೆಂಬ ತತ್ತ್ವವನ್ನು ತುಮಕೂರಿನವರು ಪುಸ್ತಕದಿಂದ ಕಲಿಯಬೇಕಾಗಿಲ್ಲ. ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಸಿದ್ಧಗಂಗೆಯಲ್ಲಿ ಸಾವಿರಾರು ಬಡ ಬಾಲಕರಿಗೆ ನಡೆಸಿದ ತ್ರಿವಿಧ ದಾಸೋಹವು ನಮ್ಮ ಕಣ್ಣ ಮುಂದಿನದು. ೨೦೦೨ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ, ಮುಂದೆ ನಾಡಿಗೆಲ್ಲ ಹಬ್ಬಿದ ಶಾಲೆಯ ಬಿಸಿಯೂಟಕ್ಕೆ 'ಅಕ್ಷರ ದಾಸೋಹ' ಎಂಬ ಹೆಸರೇ ಬಂದಿತು. ೨೦೧೩ರಲ್ಲಿ ಹಾಲನ್ನೂ ಸೇರಿಸಿದರು. ಇಷ್ಟೆಲ್ಲ ನಡೆದ ಮೇಲೂ, ೨೦೧೯-೨೦ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೩೫.೪ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದು ಕಂಡುಬಂದಿತು. ಇದಕ್ಕೆ ಒಂದು ಮುಖ್ಯ ಕಾರಣವನ್ನು ಮೋಂಬೆಯಾರನ ಅಳತೆಗಳೇ ಸೂಚಿಸುವವು: ಬೆಳವಣಿಗೆಯ ಅತಿ ವೇಗದ ಕಾಲವು ಬಸಿರಿನಲ್ಲಿಯೂ ಮೊದಲ ಎರಡು ವರ್ಷಗಳಲ್ಲಿಯೂ ಕಳೆದುಹೋಗುತ್ತದೆ. ಶಾಲೆಯ ಊಟವು ಬರುವುದು ಅದಾದ ಮೇಲೆ. ಬಸುರಿಯು ಮನೆಮಂದಿಯೆಲ್ಲ ಉಂಡ ಮೇಲೆ ಉಳಿದುದನ್ನುಣ್ಣುವ ಪದ್ಧತಿಯಿರುವವರೆಗೆ, ಮಗನ ಎತ್ತರವನ್ನು ಅವನು ಹುಟ್ಟುವ ಮೊದಲೇ ನಾವು ಕಡಿಮೆ ಮಾಡಿರುತ್ತೇವೆ.

೪. ಹಂದಿಗೋಡು

ಗ್ರಂಥಿಯೂ ಅನ್ನವೂ ಸರಿಯಿದ್ದು, ಎಲುಬಿನ ರಚನೆಯಲ್ಲಿಯೇ ಕೊರತೆಯಿರಬಹುದು. ಇದರ ಅತಿ ದುಃಖಕರವಾದ ನಿದರ್ಶನವು ಕನ್ನಡನಾಡಿನದೇ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ ೧೯೭೪-೭೫ರ ಸುಮಾರಿಗೆ ಒಂದು ವಿಚಿತ್ರವಾದ ವ್ಯಾಧಿಯು ಬೆಳಕಿಗೆ ಬಂದಿತು. ಹುಟ್ಟುವಾಗ ಚೆನ್ನಾಗಿಯೇ ಕಾಣುವ ಮಕ್ಕಳಿಗೆ ಬೆಳೆಯುತ್ತ ಬಂದಂತೆ ಸೊಂಟದ ಕೀಲುಗಳಲ್ಲಿ ನೋವು ಹತ್ತುವುದು; ಕೆಲವರಿಗೆ ಕೀಲುನೋವು ಮಾತ್ರ, ಕೆಲವರ ಮುಂಡವು ಗಿಡ್ಡವಾಗುವುದು, ಇನ್ನು ಕೆಲವರು ತೀರ ಕುಳ್ಳರಾಗಿ ಉಳಿಯುವರು. ನಡೆಯಲಾರದೆ ಕೈಯೂರಿ ಸರಿಯುವ ಸ್ಥಿತಿಗೂ ಹಲವರು ಬಂದರು. ಪೀಡಿತರು ಪರಿಶಿಷ್ಟ ಜಾತಿಗೆ ಸೇರಿದ ಬಡ ಕೂಲಿಕಾರರ ಕುಟುಂಬದವರು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಭಟ್ ೧೯೭೮ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಕೀಲುರೋಗವೆಂದು ವರ್ಣಿಸಿದರು. ಗದ್ದೆಗೆ ಹೊಡೆದ ಕೀಟನಾಶಕವು ಅಲ್ಲಿಯ ಏಡಿಗಳ ಮೂಲಕ ಉಂಡವರ ಮೈಸೇರಿತೆಂಬ ಸಂಶಯವು ಬಹುಕಾಲ ಬಲವಾಗಿತ್ತು. ಮುಂದೆ ೧೯೯೦ರ ದಶಕದಲ್ಲಿ ಲಕ್ನೋವಿನ ಅಗರ್ವಾಲ್ ಮತ್ತು ಸಂಗಡಿಗರು ವಂಶಾವಳಿಗಳನ್ನು ಬಿಡಿಸಿ, ಎಕ್ಸ್‌ರೇಗಳನ್ನು ಪರಿಶೀಲಿಸಿ, ಇದು ತಾಯಿಯಿಂದಲೋ ತಂದೆಯಿಂದಲೋ ಮಕ್ಕಳಿಗೆ ಇಳಿದುಬರುವ, ಬೆನ್ನೆಲುಬನ್ನೂ ಕೀಲುಗಳ ತುದಿಗಳನ್ನೂ ಕೆಡಿಸುವ ವಂಶಪಾರಂಪರ್ಯದ ರೋಗವೆಂದು ತೋರಿಸಿದರು. ಒಬ್ಬ ಪೀಡಿತನಿಂದ ಅವನ ಪ್ರತಿಯೊಂದು ಮಗುವಿಗೂ ಇದು ಬರುವ ಸಂಭವವು ಅರ್ಧಕ್ಕರ್ಧ.

ಈ ಪ್ರಕರಣದಲ್ಲಿ ನಾವು ಗಮನಿಸಬೇಕಾದುದು ಎರಡು. ಮೊದಲನೆಯದು, ಕಾರಣವು ತಿಳಿಯದೆ ಇದ್ದಷ್ಟು ಕಾಲ ಶಾಪವೆಂದೂ ವಿಷವೆಂದೂ ಏನೇನನ್ನೋ ಹೇಳಬಹುದು. ಮನೆತನದವರಿಗೆ ಸರಿಯಾದ ಸಲಹೆಯನ್ನು ಮಾತ್ರ ಕೊಡಲಾಗದು. ಎರಡನೆಯದು, ಕಾರಣ ತಿಳಿದೊಡನೆ ಪರಿಹಾರವು ಸಿಕ್ಕಿತೆಂದೂ ಅಲ್ಲ. ಇಲ್ಲಿ ಹಾರ್ಮೋನಿನಿಂದ ಪ್ರಯೋಜನವಿಲ್ಲ. ಬೇಕಾದುದು ನೋವಿಗೆ ಔಷಧ, ಕೀಲಿಗೆ ಶಸ್ತ್ರಚಿಕಿತ್ಸೆ, ಕೂತು ಮಾಡುವ ಕೆಲಸ, ಎಲ್ಲಕ್ಕಿಂತ ಮಿಗಿಲಾಗಿ ಮರ್ಯಾದೆಯ ಬಾಳು. ವಿಜ್ಞಾನವು ನಿಂತಲ್ಲಿ ಸಮಾಜದ ಕರ್ತವ್ಯವು ಆರಂಭವಾಗುವುದು.

೫. ಗೃಹಸ್ಥರ ಕರ್ತವ್ಯ

ಈ ನಾಲ್ಕು ಚರಿತ್ರೆಗಳಿಂದ ಒಂದೇ ತಾತ್ಪರ್ಯವು ಹೊರಡುವುದು. ಗಿಡ್ಡತನವೆಂಬುದು ಒಂದು ರೋಗವಲ್ಲ. ಬೇರೆ ಬೇರೆ ಕಾರಣಗಳಿಂದ ಬರುವ ಒಂದೇ ಗುರುತು. ಕೆಲವು ಕಾರಣಗಳಿಗೆ ಏನೂ ಮಾಡಬೇಕಾಗಿಲ್ಲ, ಕೆಲವಕ್ಕೆ ಅನ್ನ ಸಾಕು, ಕೆಲವಕ್ಕೆ ಗುಳಿಗೆ, ಕೆಲವಕ್ಕೆ ಚುಚ್ಚುಮದ್ದು, ಕೆಲವಕ್ಕೆ ಸಾಂತ್ವನ. ಯಾವುದು ಯಾವುದೆಂದು ತಿಳಿಯುವ ಮೊದಲನೆಯ ಸಾಧನವು ಅಳತೆ. ಪ್ರತಿಯೊಂದು ಹುಟ್ಟಿದ ಹಬ್ಬದಂದು ಮಗುವನ್ನು ಬರಿಗಾಲಿನಲ್ಲಿ ಗೋಡೆಗೆ ಒರಗಿಸಿ, ಗೆರೆ ಎಳೆದು, ತಾರೀಖಿನೊಡನೆ ಬರೆದಿಡುವುದಕ್ಕೆ ಕಾಸಿನ ಖರ್ಚಿಲ್ಲ. ತಾಯಿತಂದೆಗಳ ಎತ್ತರವನ್ನು ಕೂಡಿ, ಗಂಡಾದರೆ ೧೩ ಸೆಂಟಿಮೀಟರ್ ಸೇರಿಸಿ, ಹೆಣ್ಣಾದರೆ ಅಷ್ಟನ್ನೇ ಕಳೆದು, ಬಂದುದನ್ನು ಅರ್ಧಮಾಡಿದರೆ ಆ ಮಗುವು ಮುಟ್ಟಬಹುದಾದ ಎತ್ತರದ ಸ್ಥೂಲವಾದ ಅಂದಾಜು ದೊರೆಯುವುದು. ನಾಲ್ಕು ವರ್ಷವಾದ ಮೇಲೆ, ಹರೆಯ ಬರುವುದಕ್ಕೆ ಮುಂಚೆ, ವರ್ಷಕ್ಕೆ ನಾಲ್ಕೈದು ಸೆಂಟಿಮೀಟರಾದರೂ ಬೆಳೆಯದ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ೧೯೩೮ರಲ್ಲಿ ಟರ್ನರ್ ಎಂಬ ವೈದ್ಯನು ವರ್ಣಿಸಿದ ಒಂದು ಸ್ಥಿತಿಯುಂಟು. ಒಂದು ವರ್ಣತಂತುವಿನ ಕೊರತೆಯಿಂದ ಬರುವ ಇದು ಸುಮಾರು ಎರಡೂವರೆ ಸಾವಿರ ಹೆಣ್ಣುಶಿಶುಗಳಲ್ಲಿ ಒಂದಕ್ಕೆ ಇರುವುದು. ಆರೇಳು ವರ್ಷದಲ್ಲಿ ತಿಳಿದರೆ ಎತ್ತರಕ್ಕೂ ಹರೆಯಕ್ಕೂ ಚಿಕ್ಕಂದಿನಿಂದಲೇ ಚಿಕಿತ್ಸೆ ಮಾಡಬಹುದು, ಹೃದಯವನ್ನು ಪರೀಕ್ಷಿಸಿಡಬಹುದು. ಆದರೆ ಹುಡುಗನು ಗಿಡ್ಡವಾದರೆ ವೈದ್ಯನಲ್ಲಿಗೂ, ಹುಡುಗಿಯು ಗಿಡ್ಡವಾದರೆ 'ಹೆಣ್ಣಲ್ಲವೆ, ಇರಲಿ' ಎಂಬ ಸಮಾಧಾನಕ್ಕೂ ಹೋಗುವುದು ನಮ್ಮ ರೂಢಿ. ಹದಿನಾರು ತುಂಬಿಯೂ ಮೈನೆರೆಯಲಿಲ್ಲವೆಂದು, ಮದುವೆಯ ಮಾತೆತ್ತಿದಾಗ ಮಾತ್ರ ಅವಳನ್ನು ಕರೆದುಕೊಂಡು ಹೋಗುವ ವೇಳೆಗೆ ಎಷ್ಟೋ ಅಮೂಲ್ಯವಾದ ವರ್ಷಗಳು ಕಳೆದಿರುತ್ತವೆ.

ಪಂದ್ಯದ ಕುದುರೆಯ ಮರಿಗೆ ಸಲ್ಲುವ ಅಳತೆಯ ಮರ್ಯಾದೆಯು ನಮ್ಮ ಮನೆಯ ಮಗುವಿಗೂ, ನಮ್ಮ ಮನೆಯಲ್ಲಿ ಕೆಲಸ ಮಾಡುವವಳ ಮಗುವಿಗೂ ಸಲ್ಲುವುದಾದರೆ, ನಮ್ಮ ನಾಡಿನ ನೂರು ಮಕ್ಕಳಲ್ಲಿ ಮೂವತ್ತೈದೆಂಬ ಆ ಅಂಕಿಯು ಇಳಿಯುವುದರಲ್ಲಿ ಸಂದೇಹವಿಲ್ಲ.